ಹೊಟ್ಟೆ ನಮ್ಮದು, ರಸ್ತೆ ಯಾರದು?

ಮೂವತ್ತು ದಾಟಿದ ಪತ್ರಕರ್ತನಿಗೆ ಈಗ ಎಲ್ಲರೂ ಕೊಡುವ ಪುಕ್ಕಟೆ ಸಲಹೆ ಒಂದೇ: ‘ಸೈಕಲ್ ತುಳೀರಿ, ಹೊಟ್ಟಿ ಕರಗ್ತದ.’ ಡಾಕ್ಟರು ಹೇಳುತ್ತಾರೆ, ಬೀಗರು ಹೇಳುತ್ತಾರೆ, ಪತ್ರಿಕಾಗೋಷ್ಠಿ ಮುಗಿಸಿ ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ ಅಧಿಕಾರಿಗಳೂ ಹೇಳುತ್ತಾರೆ. ಜೂನ್ 3 ಬಂತೆಂದರೆ ವಿಶ್ವ ಬೈಸಿಕಲ್ ದಿನದ ಜಾಥಾ. ಬಿಳಿ ಟೀ ಶರ್ಟು, ಹಸಿರು ನಿಶಾನೆ, ಐವತ್ತು ಮಾರು ತುಳಿದು ಕಾರು ಹತ್ತುವ ಗಣ್ಯರು. ನಾವು ಫೋಟೊ ಕಳಿಸುತ್ತೇವೆ, ಮರುದಿನ ಮೂರನೇ ಪುಟದಲ್ಲಿ ಬರುತ್ತದೆ, ಮುಂದಿನ ಜೂನ್ 3ರವರೆಗೆ ವಿಷಯ ಮುಗಿಯಿತು.

ಸಲಹೆ ಸುಳ್ಳೆಂದು ನಾವು ಹೇಳುತ್ತಿಲ್ಲ. ನಮ್ಮ ತಕರಾರು ಬೇರೆ. ಸೈಕಲ್ ತುಳಿಯಿರಿ ಎಂದವರಲ್ಲಿ ಒಬ್ಬರಾದರೂ ಎಲ್ಲಿ ತುಳಿಯಬೇಕು ಎಂದು ಹೇಳಿದ್ದಾರೆಯೇ? ಅಮರಗೋಳದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವನು ಪಿ.ಬಿ. ರಸ್ತೆಯ ಯಾವ ಅಂಚಿನಲ್ಲಿ ಜೀವ ಹಿಡಿದುಕೊಂಡು ಹೋಗಬೇಕು? ಇದಕ್ಕೆ ಉತ್ತರ ಕೊಡದೆ ಹೊಟ್ಟೆಯ ಹೊಣೆಯನ್ನಷ್ಟೇ ನಮ್ಮ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ಈ ಬರಹದ ವಾದ.

ಮೊದಲು ಲೆಕ್ಕ

ನಾವೆಂದರೆ ಅಮರಗೋಳ, ನವನಗರ, ಭೈರಿದೇವರಕೊಪ್ಪದ ಸುತ್ತ ಬಾಡಿಗೆ ಮನೆ ಹಿಡಿದು, ಸುದ್ದಿಗಿಷ್ಟು ಎಂದು ಎಣಿಸಿ ಕೊಡುವ ದುಡ್ಡಿನಲ್ಲಿ ಸಂಸಾರ ನಡೆಸುವ ಸ್ಟ್ರಿಂಗರುಗಳು. ಬೆಳಗ್ಗೆ ಬೈಕು, ಮಧ್ಯಾಹ್ನ ಪ್ಲಾಸ್ಟಿಕ್ ಕುರ್ಚಿ, ಸಂಜೆ ಗಿರ್ಮಿಟ್ಟು-ಮಿರ್ಚಿ, ರಾತ್ರಿ ಹತ್ತರವರೆಗೆ ಮೊಬೈಲಿನಲ್ಲಿ ಸುದ್ದಿ ಟೈಪಿಸುವುದು. ಇಂಥ ದಿನಚರಿಯಲ್ಲಿ ಹೊಟ್ಟೆ ಬರದಿದ್ದರೇ ಆಶ್ಚರ್ಯ.

ಇದು ನಮ್ಮೊಬ್ಬರ ಕತೆಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 30ರಷ್ಟು ಹೆಂಗಸರು, ಶೇ 31ರ ಹತ್ತಿರ ಗಂಡಸರು ಅಧಿಕ ತೂಕದವರು. ಹಿಂದಿನ ಸಮೀಕ್ಷೆ ನಡೆದ 2015–16ರಲ್ಲಿ ಈ ಪ್ರಮಾಣ ಹೆಂಗಸರಲ್ಲಿ 23, ಗಂಡಸರಲ್ಲಿ 22ರ ಆಸುಪಾಸು ಇತ್ತು. ನಾಲ್ಕೈದು ವರ್ಷದಲ್ಲಿ ಇಡೀ ರಾಜ್ಯಕ್ಕೆ ಒಮ್ಮೆಲೇ ಸೋಮಾರಿತನ ಅಂಟಿತೇ? ಜನ ಬದಲಾಗಲು ಅಷ್ಟು ಸಮಯ ಸಾಲದು. ಜನ ಓಡಾಡುವ ರೀತಿ ಬದಲಾಗಲು ಸಾಕು.

ಸೈಕಲ್ಲಿನಿಂದ ಆಗುವುದೆಷ್ಟು ಎಂಬುದನ್ನೂ ಹೇಳಿಬಿಡೋಣ, ಏಕೆಂದರೆ ‘ಹದಿನೈದು ದಿನದಲ್ಲಿ ಹತ್ತು ಕೆ.ಜಿ.’ ಎಂದು ನಂಬಿಸುವವರೇ ಹೆಚ್ಚು. 80 ಕೆ.ಜಿ. ತೂಕದವನು ತಾಸಿಗೆ 15 ಕಿ.ಮೀ. ವೇಗದಲ್ಲಿ ಒಂದು ತಾಸು ತುಳಿದರೆ ಖರ್ಚಾಗುವುದು ಸುಮಾರು 400ರಿಂದ 450 ಕ್ಯಾಲೊರಿ. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿರುವುದು ಸುಮಾರು 7,700. ವಾರಕ್ಕೆ ಐದು ದಿನ ತುಳಿದು, ಊಟ ಮಾತ್ರ ಮೊದಲಿನಷ್ಟೇ ಇಟ್ಟುಕೊಂಡರೆ ತಿಂಗಳಿಗೆ ಒಂದು ಕೆ.ಜಿ. ಹತ್ತಿರ ಇಳಿಯಬಹುದು. ತುಳಿದು ಬಂದ ಹುರುಪಿನಲ್ಲಿ ಎರಡು ಪ್ಲೇಟು ಮಿರ್ಚಿ ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ನಿಧಾನದ ಕೆಲಸ ಇದು. ನಿಧಾನದ ಕೆಲಸ ಉಳಿಯಬೇಕಾದರೆ ಅದು ದಿನದ ದಾರಿಯಲ್ಲೇ ಸೇರಿಹೋಗಬೇಕು.

ಈಗ ನಮ್ಮ ದಾರಿ ನೋಡಿ. ಅಮರಗೋಳದಿಂದ ಹುಬ್ಬಳ್ಳಿ ಪೇಟೆ ಎಂಟೊಂಬತ್ತು ಕಿಲೋಮೀಟರು. ಹೋಗಲು ಅರ್ಧ ತಾಸಿನ ಮೇಲೆ ಸ್ವಲ್ಪ, ಬರಲು ಅಷ್ಟೇ. ವಾರಕ್ಕೆ ಐದು ದಿನ ಹೋಗಿಬಂದರೆ 300 ನಿಮಿಷ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ವ್ಯಾಯಾಮ. ಅಂದರೆ ಜಿಮ್ಮಿನ ಫೀ ಕಟ್ಟದೆ, ದಿನದಲ್ಲಿ ಬೇರೆ ಸಮಯ ತೆಗೆಯದೆ, ಬರೀ ಕೆಲಸಕ್ಕೆ ಹೋಗಿಬರುವುದರಲ್ಲೇ ಎರಡು ಪಟ್ಟು ಸಿಗುತ್ತದೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದವರ ಅಧ್ಯಯನವೊಂದು ಬಂತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಐದು ವರ್ಷ ಗಮನಿಸಿದ ಅದರಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರ ಸಾವಿನ ಅಪಾಯ ಕಾರು-ಬಸ್ಸಿನಲ್ಲಿ ಹೋಗುವವರಿಗಿಂತ ಶೇ 41ರಷ್ಟು ಕಡಿಮೆ ಕಂಡಿತು. ಗಮನಿಸಿ: ಅಲ್ಲಿ ಅಳೆದದ್ದು ಭಾನುವಾರದ ಶೋಕಿಯನ್ನಲ್ಲ, ಕೆಲಸಕ್ಕೆ ಹೋಗುವ ದಾರಿಯನ್ನು.

ದಾರಿ ಎಲ್ಲಿದೆ?

ಆ ದಾರಿ ಹೇಗಿದೆ? ಹುಬ್ಬಳ್ಳಿ–ಧಾರವಾಡದ ನಡುವಿನ 22 ಕಿಲೋಮೀಟರಿಗೆ ವಿಶ್ವಬ್ಯಾಂಕ್ ನೆರವಿನಲ್ಲಿ ಬಿಆರ್‌ಟಿಎಸ್ ಬಂತು. 2018ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಚಿಗರಿ ಬಸ್ಸಿಗೆ 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತ ಚಾಲನೆ ಕೊಟ್ಟರು. ರಸ್ತೆಯ ನಟ್ಟನಡುವೆ ಚಿಗರಿಗೆ ಬೇಲಿ ಹಾಕಿದ ಪಥ. ಅದರ ಆಚೀಚೆ ಉಳಿದವರೆಲ್ಲ: ಕಾರು, ಬೈಕು, ಟಂಟಂ, ಟಿಪ್ಪರು, ಎಪಿಎಂಸಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿ ಹೊತ್ತು ಬರುವ ಲಾರಿ. ಸೈಕಲ್ಲಿನವನು ಈ ಸಂತೆಯಲ್ಲೇ ನುಸುಳಬೇಕು. ಅಂಚಿನಲ್ಲಿ ಒಂದಿಷ್ಟು ಜಾಗ ಉಳಿದಿದೆ ಎನ್ನುವಷ್ಟರಲ್ಲಿ ಅಲ್ಲೊಂದು ಕಾರು ನಿಂತಿರುತ್ತದೆ, ಪಾನಿಪುರಿ ಗಾಡಿ ನಿಂತಿರುತ್ತದೆ, ಇಲ್ಲವೆ ಜಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ತಪ್ಪಿಸಲು ಬಲಕ್ಕೆ ಬಂದರೆ ಹಿಂದೆ ಲಾರಿಯ ಹಾರ್ನು.

ಚಿಗರಿಗೆ ನಾವು ವಿರೋಧಿಗಳಲ್ಲ. ಸಾವಿರಾರು ಜನ ಕೂತು ಹೋಗುವ ಬಸ್ಸಿಗೆ ದಾರಿ ಬಿಟ್ಟದ್ದು ಸರಿಯಾದ ಕೆಲಸ. ನಮ್ಮ ಪ್ರಶ್ನೆ ಇಷ್ಟೇ: ಮನೆ, ಅಂಗಡಿ, ಗುಡಿ, ದರ್ಗಾ ಎಲ್ಲವನ್ನೂ ಹಿಂದೆ ಸರಿಸಿ ಅಗಲ ಮಾಡಿದ ರಸ್ತೆಯಲ್ಲಿ ಸೈಕಲ್ಲಿಗೆ ಎರಡು ಮೀಟರು ಉಳಿಸಿಕೊಡಲು ಏಕೆ ಆಗಲಿಲ್ಲ? ಕೇಂದ್ರ ಸರ್ಕಾರ 2006ರಲ್ಲೇ ರಾಷ್ಟ್ರೀಯ ನಗರ ಸಾರಿಗೆ ನೀತಿ ತಂದು, ರಸ್ತೆಯ ಜಾಗ ಹಂಚುವಾಗ ವಾಹನಕ್ಕಿಂತ ಜನರನ್ನು ಮುಂದಿಡಬೇಕು ಎಂದು ಬರೆದುಕೊಂಡಿದೆ. ನಡೆಯುವವರಿಗೆ, ಸೈಕಲ್ಲಿನವರಿಗೆ ಪ್ರತ್ಯೇಕ ದಾರಿ ಎಂಬುದೂ ಅದರಲ್ಲಿದೆ. ಕಾಗದದಲ್ಲಿ ನಾವು ಮುಂದಿದ್ದೇವೆ, ರಸ್ತೆಯಲ್ಲಿ ಗಟಾರದ ಪಕ್ಕ ಇದ್ದೇವೆ. ಬಸ್ ಪಥದ ಚರ್ಚೆ ಎದ್ದಾಗಲೆಲ್ಲ ಕೇಳುವ ಕೂಗು ಕೂಡ ಒಂದೇ: ಅದನ್ನು ಕಾರು-ಬೈಕುಗಳಿಗೂ ಬಿಟ್ಟುಕೊಡಿ. ಸೈಕಲ್ಲಿಗೆ ಬಿಡಿ ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಮಳೆ ನಿಂತ ಮೇಲೆ ನಮ್ಮಲ್ಲಿ ಐದಾರು ಜನ ಮತ್ತೆ ಸೈಕಲ್ ಹತ್ತಿದೆವು. ಮೊದಲ ವಾರ ತೊಡೆ ನೋವು, ಎರಡನೇ ವಾರ ಕೂರುವ ಜಾಗದ ನೋವು, ಮೂರನೇ ವಾರ ಎಲ್ಲ ಸಲೀಸು. ಧಾರವಾಡದ ಕಡೆ ಹೋಗುವಾಗ ಏರು, ಬರುವಾಗ ಇಳಿಜಾರು; ಅದೂ ರೂಢಿಯಾಯಿತು. ಬೆಲ್ಟು ಒಂದು ತೂತು ಒಳಗೆ ಹೋಯಿತು. ಆದರೂ ಇಬ್ಬರು ನಡುವೆಯೇ ಬಿಟ್ಟರು. ಸೋಮಾರಿತನಕ್ಕೆ ಬಿಟ್ಟದ್ದಲ್ಲ. ಒಬ್ಬರ ಹ್ಯಾಂಡಲ್ಲಿಗೆ ಟಿಪ್ಪರಿನ ಮೈ ಸವರಿಕೊಂಡು ಹೋಯಿತು. ಅಂದು ರಾತ್ರಿ ಅವರ ಮನೆಯವರು ಸೈಕಲ್ಲಿಗೆ ಬೀಗ ಹಾಕಿ ಕೀಲಿ ಒಳಗಿಟ್ಟರು: ‘ತೂಕ ಇದ್ರ ಇರ್ಲಿ, ನೀವು ಇದ್ರ ಸಾಕು.’ ಆ ಮಾತಿಗೆ ಎದುರು ಹೇಳುವ ಧೈರ್ಯ ಯಾವ ಫಿಟ್‌ನೆಸ್ ತಜ್ಞರಿಗಿದೆ?

‘ಬೆಳಗಿನ ಐದಕ್ಕ ಏಳ್ರಿ, ರಸ್ತೆ ಖಾಲಿ ಇರ್ತದ’ ಎನ್ನುವವರಿದ್ದಾರೆ. ಏಳಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ಸುದ್ದಿ ಕಳಿಸಿ ಮಲಗಿದವನಿಗೆ, ನಾಲ್ಕಕ್ಕೆ ಎದ್ದು ನೀರು ತುಂಬುವ ಹೆಂಗಸಿಗೆ, ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲನಿಗೆ ಈ ಮಾತು ಹೇಳಿ ನೋಡಿ. ಸೂರ್ಯ ಹುಟ್ಟುವ ಮುಂಚೆ ಮಾತ್ರ ಸೈಕಲ್ ತುಳಿಯಬಹುದಾದ ಊರು ಸೈಕಲ್ಲಿಗೆ ಕರ್ಫ್ಯೂ ಹಾಕಿದ ಊರು.

ಸೈಕಲ್‌ನವ ಮತ್ತು ಸೈಕ್ಲಿಸ್ಟ್

ನಮ್ಮ ಊರಲ್ಲಿ ಸೈಕಲ್ ಎರಡು ಜಾತಿಯಾಗಿದೆ. ನಲವತ್ತು ಸಾವಿರದ ಗೇರ್ ಸೈಕಲ್, ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಉಣಕಲ್ ಕೆರೆ ಸುತ್ತುವವರು ‘ಸೈಕ್ಲಿಸ್ಟ್’. ಹಿಂದಿನ ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡು ಕಾರ್ಖಾನೆಗೋ ಯಾರ್ಡಿಗೋ ಹೋಗುವವನು ‘ಸೈಕಲ್‌ನವ’. ಮೊದಲನೆಯವರಿಗೆ ಪತ್ರಿಕೆಯಲ್ಲಿ ಫೋಟೊ, ಎರಡನೆಯವನಿಗೆ ಹಾರ್ನು. ಕೆರೆ ಸುತ್ತುವವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರೂ ಇದೇ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದೇ ಮನೆ ಸೇರಬೇಕು. ಆದರೆ ಯೋಜನೆ ಮಾಡುವವರ ಕಣ್ಣಿಗೆ ಮೊದಲನೆಯವರಷ್ಟೇ ಕಾಣುತ್ತಾರೆ. ಅದಕ್ಕೇ ಸೈಕಲ್ ಪಥವೆಂದರೆ ಅವರಿಗೆ ಕೆರೆಯ ದಂಡೆ, ಉದ್ಯಾನ, ನಾಲೆಯ ಬದಿ ನೆನಪಾಗುತ್ತದೆ. ಕಚೇರಿಗೆ ಹೋಗುವ ರಸ್ತೆ ನೆನಪಾಗುವುದಿಲ್ಲ.

ಮರ್ಯಾದೆಯ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಸೈಕಲ್ಲಿನಲ್ಲಿ ಪತ್ರಿಕಾಗೋಷ್ಠಿಗೆ ಹೋದರೆ ಮೊದಲ ಪ್ರಶ್ನೆ: ‘ಯಾಕ್ರೀ ಸರ, ಗಾಡಿ ಮಾರಿದ್ರೇನು?’ ಒಂದು ಕಚೇರಿಯ ಗೇಟಿನಲ್ಲಿ ಕಾವಲಿನವರು ತಡೆದು ಹೇಳಿದರು: ‘ಇಲ್ಲಿ ಸೈಕಲ್ ಹಚ್ಚಬ್ಯಾಡ್ರಿ, ಸಾಹೇಬ್ರ ಗಾಡಿ ಬರ್ತದ.’ ಪಾಪ, ಅವರದೇ ಸೈಕಲ್ಲು ಕಂಪೌಂಡಿನ ಹೊರಗೆ ಬೇವಿನ ಮರಕ್ಕೆ ಒರಗಿತ್ತು.

ಹೆಂಗಸರದು ಇನ್ನೂ ಕಷ್ಟ. ಹೈಸ್ಕೂಲಿಗೆ ಐದಾರು ಕಿಲೋಮೀಟರು ಸೈಕಲ್ ತುಳಿದುಕೊಂಡು ಹೋದ ಹುಡುಗಿಯರೇ ಇಂದು ಮೂವತ್ತರ ಗೃಹಿಣಿಯರು, ಅಂಗನವಾಡಿಯವರು, ಟೀಚರುಗಳು. ಅವರಿಗೆ ಸೈಕಲ್ ಬರುವುದಿಲ್ಲ ಎಂದಿಲ್ಲ. ‘ಲಗ್ನ ಆದಮ್ಯಾಲೆ ಸೈಕಲ್ ತುಳದ್ರ ಮಂದಿ ಏನಂದಾರು?’ ಎಂಬ ಅಂಜಿಕೆ ಒಂದು ಕಡೆ, ಅಂಜದೆ ಹೊರಟವಳಿಗೂ ಬೀದಿದೀಪವಿಲ್ಲದ ಅಂಚು ಇನ್ನೊಂದು ಕಡೆ. ಮೊದಲನೆಯದನ್ನು ಆಕೆ ಎದುರಿಸಿಯಾಳು. ಎರಡನೆಯದನ್ನು ಪಾಲಿಕೆಯೇ ಸರಿಮಾಡಬೇಕು.

ಕೊಟ್ಟದ್ದೆಷ್ಟು, ಕಸಿದದ್ದೆಷ್ಟು

2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ನಮ್ಮಲ್ಲಿ ಕಿರಿಯರಾದವರು ಆ ಮೊದಲ ವರ್ಷಗಳ ಮಕ್ಕಳು. ಬಸ್ಸಿಲ್ಲದ ಊರುಗಳಲ್ಲಿ ಏಳನೆಯತ್ತೆಗೆ ನಿಲ್ಲುತ್ತಿದ್ದ ಎಷ್ಟೋ ಓದನ್ನು ಆ ಸೈಕಲ್ಲು ಹೈಸ್ಕೂಲಿಗೆ ದಾಟಿಸಿತು. ಬಿಡಿಭಾಗ ಕಳಪೆ, ಬ್ರೇಕು ಹಿಡಿಯುವುದಿಲ್ಲ ಎಂದು ವರ್ಷ ವರ್ಷ ಸುದ್ದಿ ಬರುತ್ತಿತ್ತು, ನಿಜ. ಅದನ್ನು ಸರಿಪಡಿಸಬೇಕಿತ್ತು. ಕೋವಿಡ್ ಬಂದ ವರ್ಷ ವಿತರಣೆಯೇ ನಿಂತಿತು. ಶಾಲೆ ತೆರೆದ ಮೇಲೂ ವರ್ಷಗಟ್ಟಲೆ ಸೈಕಲ್ ಬರಲಿಲ್ಲ. ಹದಿಮೂರು ವರ್ಷದ ಮಗುವಿನ ಕೈಯಿಂದ ಸೈಕಲ್ ತಪ್ಪಿಸಿ, ಅದೇ ಮಗುವಿನ ಅಪ್ಪನಿಗೆ ‘ಸೈಕಲ್ ತುಳೀರಿ, ಶುಗರ್ ಇಳಿಯುತ್ತದೆ’ ಎಂದು ಭಾಷಣ ಮಾಡುವುದಕ್ಕೆ ಏನನ್ನಬೇಕು?

ತೆರಿಗೆಯ ಕತೆಯೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಸ್ವಾಗತ. ಅದೇ ದಿನ 350 ಸಿಸಿವರೆಗಿನ ಬೈಕು ಮತ್ತು ಸಣ್ಣ ಕಾರಿನ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಸೈಕಲ್ಲಿಗೆ ಏಳು, ಬೈಕಿಗೆ ಹತ್ತು. ಐದು ಸಾವಿರದ ಸೈಕಲ್ಲಿನಲ್ಲಿ ಉಳಿಯುವುದು ನೂರರ ಲೆಕ್ಕದಲ್ಲಿ, ಬೈಕಿನಲ್ಲಿ ಉಳಿಯುವುದು ಸಾವಿರದ ಲೆಕ್ಕದಲ್ಲಿ. ಶೋರೂಮಿನ ಮುಂದೆ ದಸರೆಯ ಪೂಜೆಗೆ ಸಾಲು ನಿಂತದ್ದು ಯಾವುದಕ್ಕೆಂದು ನಿಮಗೆ ಗೊತ್ತೇ ಇದೆ.

ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿಯವರು ‘ಸವಾರಿ’ ಎಂಬ ಬಾಡಿಗೆ ಸೈಕಲ್ ಯೋಜನೆ ತಂದರು. ಸುಮಾರು ಎಂಟೂವರೆ ಕೋಟಿ ರೂಪಾಯಿ, 340 ಸೈಕಲ್ಲು, 34 ನಿಲ್ದಾಣ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲಿನೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’ ಮಾದರಿಯೇ ಇದು. ಆಲೋಚನೆ ಒಳ್ಳೆಯದೇ. ಆದರೆ ದಾರಿಯಿಲ್ಲದೆ ಸೈಕಲ್ ಕೊಡುವುದು ನೀರಿಲ್ಲದ ಕೆರೆಗೆ ದೋಣಿ ಬಿಟ್ಟಂತೆ. ಸವಾರರೇ ಬರುವುದಿಲ್ಲ ಎಂದು ಆಮೇಲೆ ಜನರನ್ನೇ ದೂರುವುದು ಇನ್ನೂ ಸುಲಭ. ಉಣಕಲ್ ನಾಲೆಯ ದಂಡೆಗುಂಟ ಹಸಿರು ಪಥ ಮಾಡಿ, ಅದರಲ್ಲಿ ಸೈಕಲ್ಲಿಗೂ ಜಾಗ ಕೊಡುವ ಯೋಜನೆಯೂ ಇದೆ. ಅಂದರೆ ಸೈಕಲ್ ಪಥ ಹೇಗೆ ಮಾಡಬೇಕೆಂದು ನಮ್ಮ ಎಂಜಿನಿಯರರಿಗೆ ಗೊತ್ತು. ಅದನ್ನು ಜನ ದಿನವೂ ಓಡಾಡುವ ರಸ್ತೆಗೆ ತರಲು ಮನಸ್ಸಿಲ್ಲ, ಅಷ್ಟೇ.

‘ಸೈಕಲ್ ಕಾಲ ಮುಗೀತ್ರಿ, ಈಗ ಯಾರು ತುಳೀತಾರ’ ಎನ್ನುವವರಿಗೆ 2011ರ ಜನಗಣತಿ ತೋರಿಸಬೇಕು. ಕೃಷಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ಭಾರತೀಯರಲ್ಲಿ ಶೇ 13ರಷ್ಟು ಜನ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಬೈಕು-ಸ್ಕೂಟರಿನವರು ಅದಕ್ಕಿಂತ ತುಸು ಕಡಿಮೆಯೇ ಇದ್ದರು. ಹದಿನೈದು ವರ್ಷದ ಹಿಂದಿನ ಮಾತು ಇದು, ಅಜ್ಜನ ಕಾಲದ್ದಲ್ಲ. ಜನ ಸೈಕಲ್ ಬಿಟ್ಟರು ಎನ್ನುವುದಕ್ಕಿಂತ ರಸ್ತೆ ಜನರನ್ನು ಸೈಕಲ್ಲಿನಿಂದ ಇಳಿಸಿತು ಎನ್ನುವುದೇ ಸರಿ.

ನಾಲ್ಕು ಸಾಲಿನ ಸುದ್ದಿ

ಇನ್ನು ನಮ್ಮ ವೃತ್ತಿಯ ಮಾತು. ದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರು ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಪತ್ರಿಕೆಯಲ್ಲಿ ಅವರಿಗೆ ಸಿಗುವುದು ನಾಲ್ಕು ಸಾಲು: ‘ಲಾರಿ ಡಿಕ್ಕಿ: ಸೈಕಲ್ ಸವಾರ ಸಾವು. ಪ್ರಕರಣ ದಾಖಲು.’ ಡೆಸ್ಕಿನವರು ಕೇಳುವುದೂ ಅಷ್ಟನ್ನೇ. ಅಲ್ಲಿ ದೀಪ ಇತ್ತೇ, ಅಂಚು ಇತ್ತೇ, ಅದೇ ತಿರುವಿನಲ್ಲಿ ಹಿಂದೆ ಎಷ್ಟು ಜನ ಸತ್ತರು ಎಂಬುದಕ್ಕೆ ಜಾಗವಿಲ್ಲ.

ಇಂದು ಸೈಕಲ್ಲಿನ ಸ್ವರ್ಗ ಎನ್ನಿಸಿಕೊಂಡ ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದ ಹಾಗಿರಲಿಲ್ಲ. 1971ರ ಒಂದೇ ವರ್ಷದಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೇ ನಾನೂರಕ್ಕೂ ಹೆಚ್ಚು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ತಮ್ಮ ಪತ್ರಿಕೆಯಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ತಲೆಬರಹದಲ್ಲಿ ಬರೆದರು. ಅದನ್ನೇ ಹೆಸರಾಗಿಸಿಕೊಂಡು ಚಳವಳಿ ಹುಟ್ಟಿತು, ತಾಯಂದಿರು ಮಕ್ಕಳೊಂದಿಗೆ ರಸ್ತೆಗಿಳಿದರು, ಸರ್ಕಾರ ಬಗ್ಗಿತು. ಆ ಪತ್ರಕರ್ತ ಬಳಸಿದ ಪದ ನೋಡಿ. ಅಪಘಾತ ಎನ್ನಲಿಲ್ಲ, ಕೊಲೆ ಎಂದರು. ಗ್ರಾಮೀಣ ಪತ್ರಿಕೋದ್ಯಮ ಕಲಿತು ಬಂದ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಹಾಗಾದರೆ?

ಇಷ್ಟು ಹೇಳಿದ್ದು ಸೈಕಲ್ ಹತ್ತಬೇಡಿ ಎಂದಲ್ಲ. ಹತ್ತಿ. ಮನೆಯ ಅಟ್ಟದಲ್ಲಿ ತುಕ್ಕು ಹಿಡಿದದ್ದನ್ನೇ ಇಳಿಸಿ, ಪಂಕ್ಚರ್ ಅಂಗಡಿಯಲ್ಲಿ ಟಯರು, ಬ್ರೇಕು, ಚೈನು ನೋಡಿಸಿದರೆ ಸಾಕು. ನಲವತ್ತು ಸಾವಿರದ್ದು ಬೇಕಿಲ್ಲ. ಪೆಡಲು ಕೆಳಗೆ ಹೋದಾಗ ಮೊಣಕಾಲು ಸ್ವಲ್ಪವೇ ಬಾಗಿರುವಷ್ಟು ಸೀಟು ಎತ್ತರಿಸಿ. ಸೀಟು ತಗ್ಗಿದ್ದರೆ ಮೊಣಕಾಲು ಹಿಡಿಯುತ್ತದೆ. ಮೊದಲೆರಡು ವಾರ ಊರೊಳಗಿನ ರಸ್ತೆಯಲ್ಲೇ ಮೂರ್ನಾಲ್ಕು ಕಿಲೋಮೀಟರು ಸಾಕು. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹತ್ತಬೇಕು. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು ಇರಲಿ. ತೂಕದ ಯಂತ್ರವನ್ನು ದಿನಾ ಹತ್ತಬೇಡಿ, ಸೊಂಟದ ಸುತ್ತಳತೆ ನೋಡಿಕೊಳ್ಳಿ: ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ ವೈದ್ಯರು.

ಆದರೆ ಹತ್ತಿದ ಮೇಲೆ ಸುಮ್ಮನಿರಬೇಡಿ. ನಮ್ಮ ಬೇಡಿಕೆ ದೊಡ್ಡದೇನಿಲ್ಲ. ಪಿ.ಬಿ. ರಸ್ತೆಯ ಎರಡೂ ಅಂಚಿನಲ್ಲಿ, ಕಾರು ಹತ್ತಲಾಗದಂತೆ ತಡೆ ಹಾಕಿದ ಎರಡು ಮೀಟರು ದಾರಿ. ಎಲ್ಲ ಕಡೆ ಒಮ್ಮೆಲೇ ಆಗದಿದ್ದರೆ ಮೊದಲು ನವನಗರದಿಂದ ಉಣಕಲ್‌ವರೆಗೆ ಮಾಡಿ ತೋರಿಸಲಿ. ಅಂಚಿನಲ್ಲಿ ಗಾಡಿ ನಿಲ್ಲಿಸಿದವರಿಗೆ ದಂಡ. ಪ್ರತಿ ಚಿಗರಿ ನಿಲ್ದಾಣದ ಬುಡದಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡು. ಮನೆಯಿಂದ ನಿಲ್ದಾಣಕ್ಕೆ ಸೈಕಲ್, ಅಲ್ಲಿಂದ ಬಸ್ಸು ಎಂದರೂ ದಿನಕ್ಕೆ ಇಪ್ಪತ್ತು ನಿಮಿಷ ದೇಹಕ್ಕೆ ಸಿಗುತ್ತದೆ. ಸರ್ಕಾರಿ ಕಚೇರಿಯ ಗೇಟಿನೊಳಗೆ ಸೈಕಲ್ಲಿಗೆ ಜಾಗ. ಎಂಟನೆಯತ್ತೆಯ ಮಕ್ಕಳಿಗೆ, ಬ್ರೇಕು ಹಿಡಿಯುವ ಸೈಕಲ್ಲು.

ಮುಂದಿನ ಜೂನ್ 3ಕ್ಕೆ ಜಾಥಾದ ಆಮಂತ್ರಣ ಬಂದೇ ಬರುತ್ತದೆ. ನಾವು ಅದಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇವೆ, ಅಮರಗೋಳದಿಂದ, ಬೆಳಗಿನ ಹತ್ತರ ಸಂದಣಿಯಲ್ಲಿ. ನಿಶಾನೆ ತೋರಿಸುವವರಿಗೆ ನಮ್ಮದೊಂದೇ ಕೋರಿಕೆ: ಫೋಟೊ ಆದ ಮೇಲೆ ಕಾರು ಹತ್ತಬೇಡಿ. ನಮ್ಮ ಜೊತೆ ಎಪಿಎಂಸಿ ಗೇಟಿನವರೆಗೆ ತುಳಿದು ಬನ್ನಿ. ಅಲ್ಲಿ ಚಹಾ ಕುಡಿಸುತ್ತೇವೆ, ಸಕ್ಕರೆ ಕಡಿಮೆ ಹಾಕಿಸಿ. ಆಮೇಲೆ ಹೊಟ್ಟೆಯ ಬಗ್ಗೆ ಮಾತಾಡೋಣ.